‘12 ಆ್ಯಂಗ್ರಿ ಮೆನ್’: 1957ರದ್ದು ನೋಡಿದವರು 1997ರದ್ದಕ್ಕೆ ಎಂತ ಹೇಳ್ತೀರಿ?

ಪಯಸ್ವಿನಿ ಬದಿ:

ನಮ್ಮೂರ ಗ್ರಂಥಾಲಯದ ಹಾಲಿನಲ್ಲಿ ಶನಿವಾರ ಹಳೆಯ ‘12 ಆ್ಯಂಗ್ರಿ ಮೆನ್’, ಭಾನುವಾರ ಹೊಸದು ತೋರಿಸಿದೆವು. ಹಳೆಯದು ಸಿಡ್ನಿ ಲ್ಯೂಮೆಟ್ 1957ರಲ್ಲಿ ಮಾಡಿದ ಕಪ್ಪು ಬಿಳುಪಿನ ಚಿತ್ರ. ಹೊಸದು ವಿಲಿಯಂ ಫ್ರೀಡ್‌ಕಿನ್ 1997ರಲ್ಲಿ ಟಿವಿಗಾಗಿ ಮಾಡಿದ್ದು. ಮಾತು ಹಾಲಿನಲ್ಲಿ ಮುಗಿಯದೆ ಬಸ್ ಸ್ಟ್ಯಾಂಡಿನವರೆಗೂ ಬಂತು. ಬಸ್ಸು ಬಂದದ್ದರಿಂದ ನಿಂತಿತು, ಅಷ್ಟೆ. ಮಂಜೇಶ್ವರ, ಬದಿಯಡ್ಕ ಕಡೆಯಿಂದ ಬಂದವರೂ ಇದ್ದಿರಿ. ಇಲ್ಲಿ ಮುಂದುವರಿಸೋಣ.

ನೋಡದವರಿಗಾಗಿ ಕಥೆ ಇಷ್ಟು. ಹದಿನೆಂಟು ವರ್ಷದ ಹುಡುಗ ತನ್ನ ತಂದೆಯನ್ನು ಚೂರಿಯಿಂದ ಇರಿದು ಕೊಂದ ಎಂದು ಆರೋಪ. ವಿಚಾರಣೆ ಮುಗಿದಿದೆ. ಹನ್ನೆರಡು ಜ್ಯೂರಿ ಸದಸ್ಯರು, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರು, ಒಂದು ಕೋಣೆಯಲ್ಲಿ ಕೂತು ಒಮ್ಮತಕ್ಕೆ ಬರಬೇಕು. ತಪ್ಪಿತಸ್ಥ ಎಂದರೆ ಹುಡುಗನ ಜೀವ ಹೋಗುತ್ತದೆ. ಮೊದಲ ಮತ ಎಣಿಸಿದಾಗ ತಪ್ಪಿತಸ್ಥ ಎಂದು 11, ಅಲ್ಲ ಎಂದು 1. ಆ ಒಬ್ಬ, ಎಂಟನೇ ಜ್ಯೂರರ್, ಹುಡುಗ ನಿರ್ದೋಷಿ ಎಂದು ಸಾಧಿಸಲು ಹೊರಡುವುದಿಲ್ಲ. ‘ನನಗೆ ಗೊತ್ತಿಲ್ಲ, ಸ್ವಲ್ಪ ಮಾತಾಡುವಾ’ ಎನ್ನುತ್ತಾನೆ. ಹಳೆಯದರಲ್ಲಿ ಆತ ಹೆನ್ರಿ ಫೋಂಡಾ, ಹೊಸದರಲ್ಲಿ ಜಾಕ್ ಲೆಮನ್. ಕೊನೆಯವರೆಗೂ ಪಟ್ಟು ಬಿಡದ ಮೂರನೇ ಜ್ಯೂರರ್ ಅಲ್ಲಿ ಲೀ ಜೆ. ಕಾಬ್, ಇಲ್ಲಿ ಜಾರ್ಜ್ ಸಿ. ಸ್ಕಾಟ್. ಎರಡಕ್ಕೂ ಬರೆದವನು ರೆಜಿನಾಲ್ಡ್ ರೋಸ್. ಮೊದಲು ಇದು 1954ರಲ್ಲಿ ಅಮೆರಿಕದ ಟಿವಿಯಲ್ಲಿ ನೇರವಾಗಿ ಪ್ರಸಾರವಾದ ನಾಟಕ. ಹಾಗೆ ನೋಡಿದರೆ 1957ರದ್ದೂ ರೀಮೇಕೇ. ಅದಕ್ಕೇ ‘ಕ್ಲಾಸಿಕ್ ಅನ್ನು ಮುಟ್ಟಬಾರದಿತ್ತು’ ಎಂಬ ಮಾತು ನನಗೆ ಸರಿಕಾಣುವುದಿಲ್ಲ.

ನನ್ನ ಅಭಿಪ್ರಾಯ: ಚಿತ್ರ ಕಟ್ಟಿದ ಕೌಶಲದಲ್ಲಿ ಹಳೆಯದಕ್ಕೆ ಸಾಟಿ ಇಲ್ಲ. ಆದರೆ ಕಾಸರಗೋಡಿನಲ್ಲಿ ಕೂತು ನೋಡುವ ನಮಗೆ ಹೊಸದು ಹೆಚ್ಚು ಬೇಕಾದ ಚಿತ್ರ. ಅದಕ್ಕೆ ಕಾರಣ ಹತ್ತನೇ ಜ್ಯೂರರ್. ಮೊದಲು ನೀವು ಹೇಳಿ, ಅದನ್ನು ಆಮೇಲೆ ಬರೆಯುತ್ತೇನೆ.

ಕುಂಬಳೆ ಹಳಿ ಪಕ್ಕ:

ನನಗೆ ಎರಡರಲ್ಲೂ ರೈಲಿನ ಭಾಗವೇ ಭಾಗ. ನಮ್ಮ ಮನೆ ಹಳಿಯ ಪಕ್ಕವೇ ಮಾರಾಯ್ರೆ, ನಡುವೆ ಒಂದು ಕಾಂಪೌಂಡ್ ಗೋಡೆ ಮಾತ್ರ.

ಕೆಳಗಿನ ಮಹಡಿಯ ಮುದುಕ ಸಾಕ್ಷಿ ಹೇಳುತ್ತಾನೆ: ‘ಕೊಲ್ತೇನೆ’ ಎಂದು ಹುಡುಗ ಕೂಗಿದ್ದು ಕೇಳಿತು, ಒಂದು ಸೆಕೆಂಡಿಗೆ ಹೆಣ ಬಿದ್ದ ಸದ್ದೂ ಕೇಳಿತು. ಎದುರು ಕಟ್ಟಡದ ಹೆಂಗಸು ಹೇಳುತ್ತಾಳೆ: ಹೋಗುತ್ತಿದ್ದ ರೈಲಿನ ಕೊನೆಯ ಎರಡು ಬೋಗಿಗಳ ಕಿಟಕಿಯ ಮೂಲಕ ಕೊಲೆ ಕಂಡೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಿದರೆ ಎಷ್ಟು ಗಟ್ಟಿ ಸಾಕ್ಷಿ! ಒಟ್ಟಿಗೆ ಇಟ್ಟರೆ ಎರಡೂ ನಿಲ್ಲುವುದಿಲ್ಲ. ರೈಲು ಒಂದು ಜಾಗ ದಾಟಲಿಕ್ಕೆ ಹತ್ತು ಸೆಕೆಂಡು. ಕೊನೆಯ ಬೋಗಿಗಳು ಹೋಗುವಾಗ ಕೊಲೆ ಆಗಿದ್ದರೆ, ಕೂಗಿದ ಹೊತ್ತಿಗೆ ಮುದುಕನ ಕಿಟಕಿಯ ಹೊರಗೆ ರೈಲು ಬೊಬ್ಬೆ ಹೊಡೆಯುತ್ತಾ ಇತ್ತು.

ನಮ್ಮ ಮನೆಯಲ್ಲಿ ರೈಲು ಬರುವಾಗ ಫೋನಿನಲ್ಲಿ ಇರುವವರು ‘ಒಂದು ನಿಮಿಷ’ ಎಂದು ಮಾತು ನಿಲ್ಲಿಸುತ್ತಾರೆ. ಟಿವಿಯಲ್ಲಿ ವಾರ್ತೆ ಓದುವವರ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಅಮ್ಮ ಅಡಿಗೆ ಕೋಣೆಯಿಂದ ಎಂತದೋ ಕೇಳುತ್ತಾರೆ, ನಾವು ಅಂದಾಜಿನಲ್ಲಿ ‘ಹ್ಞೂಂ’ ಎನ್ನುತ್ತೇವೆ. ಆಮೇಲೆ ಕೇಳಿದರೆ ಅವರು ಹೇಳಿದ್ದೇ ಬೇರೆ. ಆದರೆ ‘ಕೇಳಲಿಲ್ಲ’ ಎಂದು ನಮಗೆ ಅನಿಸಿಯೇ ಇರುವುದಿಲ್ಲ! ಮುದುಕ ಸುಳ್ಳು ಹೇಳಿದ್ದಲ್ಲ. ಕೇಳಿದೆ ಎಂದು ನಂಬಿದ್ದ. ಈ ಲೆಕ್ಕ ಕೋರ್ಟಿನಲ್ಲಿ ಯಾವ ವಕೀಲರಿಗೂ ಹೊಳೆಯಲಿಲ್ಲ ಎಂಬುದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಪೆರ್ಲದ ಹುಡುಗ:

ನನ್ನ ಓಟು ಹೊಸದಕ್ಕೆ. ಹಳೆಯದರಲ್ಲಿ ಫೋಂಡಾ ಬಂದ ಕೂಡಲೇ ‘ಇವರೇ ಹೀರೋ’ ಎಂದು ಗೊತ್ತಾಗುತ್ತದೆ. ಬಿಳಿ ಕೋಟು, ಶಾಂತ ಮುಖ, ಎಲ್ಲವೂ ಗೊತ್ತಿದ್ದವರ ಹಾಗೆ. ಜಾಕ್ ಲೆಮನ್ ಹಾಗಲ್ಲ. 72 ವರ್ಷದ ಮನುಷ್ಯ, ಸುಸ್ತಾಗಿದ್ದಾರೆ, ಮಾತಾಡುವಾಗ ತನ್ನ ಮೇಲೇ ತನಗೆ ಸಂಶಯ ಇರುವ ಹಾಗೆ ಕಾಣುತ್ತಾರೆ. ಹನ್ನೊಂದು ಜನರ ಎದುರು ಒಬ್ಬನೇ ನಿಲ್ಲಲಿಕ್ಕೆ ಹೀರೋ ಆಗಿರಬೇಕಾಗಿಲ್ಲ ಅಂತ ಲೆಮನ್ ನೋಡಿ ಧೈರ್ಯ ಬಂತು.

ಮತ್ತೆ ಜಾರ್ಜ್ ಸಿ. ಸ್ಕಾಟ್. ಮಗ ಬಿಟ್ಟುಹೋದ ಸಿಟ್ಟನ್ನು ಆ ಹುಡುಗನ ಮೇಲೆ ತೀರಿಸುವ ಅಪ್ಪ. ಲೀ ಜೆ. ಕಾಬ್‌ಗೆ ಆಗ 45ರ ಆಸುಪಾಸು. ಆ ವಯಸ್ಸಿಗೆ ಮಗನ ಜೊತೆ ರಾಜಿಯಾಗಲಿಕ್ಕೆ ಇನ್ನೂ ಟೈಮ್ ಉಂಟು. ಸ್ಕಾಟ್ 70ರ ಹತ್ತಿರ. ಅವರಿಗೆ ಟೈಮ್ ಇಲ್ಲ. ಅದೇ ಡೈಲಾಗು, ಆದರೆ ನನಗೆ ಅಳು ಬಂದದ್ದು ಇಲ್ಲಿ. ಆ ಪಾತ್ರಕ್ಕೆ ಸ್ಕಾಟ್‌ಗೆ ಎಮ್ಮಿ ಪ್ರಶಸ್ತಿ ಬಂದಿದೆ.

ಲೆಮನ್‌ಗೂ ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಇತ್ತು, ಗೆದ್ದದ್ದು ವಿಂಗ್ ರೇಮ್ಸ್. ಅವರು 1998ರ ಆ ಸಮಾರಂಭದಲ್ಲಿ ಲೆಮನ್‌ರನ್ನು ವೇದಿಕೆಗೆ ಕರೆದು ತನ್ನ ಪ್ರಶಸ್ತಿಯನ್ನು ಅವರ ಕೈಗೆ ಕೊಟ್ಟುಬಿಟ್ಟರು. ವಿಡಿಯೋ ಸಿಗುತ್ತದೆ, ನೋಡಿ.

ನೀರ್ಚಾಲಿನ ಮಾಷ್ಟ್ರು:

ತಮ್ಮ, ನೀನು ಹೇಳಿದ ವಯಸ್ಸಿನ ವಿಚಾರ ಚೆನ್ನಾಗಿದೆ, ಒಪ್ಪಿದೆ. ಆದರೆ ಲ್ಯೂಮೆಟ್‌ನ ಕೆಲಸವನ್ನು ಒಂದೇ ವಾಕ್ಯದಲ್ಲಿ ದಾಟಿ ಹೋಗಬೇಡಿ.

ಅದು ಲ್ಯೂಮೆಟ್‌ನ ಮೊದಲ ಸಿನಿಮಾ. 96 ನಿಮಿಷದಲ್ಲಿ ಮೂರು ನಿಮಿಷದಷ್ಟು ಬಿಟ್ಟರೆ ಉಳಿದದ್ದೆಲ್ಲ ಆ ಕೋಣೆ ಮತ್ತು ಅದಕ್ಕೆ ಅಂಟಿದ ಬಚ್ಚಲು. ನೋಡುವವನಿಗೆ ಬೇಸರ ಬರಬೇಕಿತ್ತು. ಬರುವುದಿಲ್ಲ. ಯಾಕೆ? ಕ್ಯಾಮೆರಾಮನ್ ಬೋರಿಸ್ ಕೌಫ್‌ಮನ್ ಜೊತೆ ಸೇರಿ ಲ್ಯೂಮೆಟ್ ಒಂದು ಯೋಜನೆ ಹಾಕಿದ. ಚಿತ್ರದ ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ. ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ. ಕೊನೆಯ ಭಾಗದಲ್ಲಿ ಕೆಳಗಿನಿಂದ, ಕೋಣೆಯ ಮಾಡು (ಛಾವಣಿ) ಕಾಣುವ ಹಾಗೆ. ಜೊತೆಗೆ ಲೆನ್ಸನ್ನೂ ಬದಲಿಸುತ್ತಾ ಹೋದ, ಗೋಡೆಗಳು ಹತ್ತಿರ ಹತ್ತಿರ ಬಂದ ಹಾಗೆ ಕಾಣಬೇಕೆಂದು. ಕೋಣೆ ಅಷ್ಟೇ ಇದೆ, ನಮಗೆ ಮಾತ್ರ ಉಸಿರು ಕಟ್ಟುತ್ತದೆ. ಕೊನೆಗೆ ನ್ಯಾಯಾಲಯದ ಮೆಟ್ಟಿಲ ದೃಶ್ಯದಲ್ಲಿ ಅಗಲ ಲೆನ್ಸು ಹಾಕಿದಾಗ ನಮಗೂ ಗಾಳಿ ಬಂದಂತೆ. ಫ್ರೀಡ್‌ಕಿನ್‌ನ ಕ್ಯಾಮೆರಾ ಕೂತಲ್ಲಿ ಕೂರುವುದಿಲ್ಲ, ಮೇಜಿನ ಸುತ್ತ ಅಲೆಯುತ್ತಲೇ ಇರುತ್ತದೆ. ಅಲೆದಾಟದಿಂದ ಬಿಸಿ ಏರುವುದಿಲ್ಲ.

ಆದರೂ ನಾನು ರೀಮೇಕಿನ ವಿರೋಧಿ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು ಹೇಗೆ ವಿರೋಧಿಸುವುದು? ನಮಗೆ ತಾಳಮದ್ದಳೆ ಗೊತ್ತು. ವೇಷ ಇಲ್ಲ, ರಂಗಸಜ್ಜಿಕೆ ಇಲ್ಲ, ಅರ್ಥಧಾರಿಗಳು ಕೂತಲ್ಲೇ ಕೂತು ಮಾತಿನಲ್ಲಿ ಪ್ರಪಂಚ ಕಟ್ಟುತ್ತಾರೆ. ವಾಲಿ ವಧೆಯ ಪ್ರಸಂಗ ಎಷ್ಟು ಸಲ ಕೇಳಿಲ್ಲ! ಮರದ ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ರಾಮನನ್ನು ವಿಚಾರಣೆಗೆ ನಿಲ್ಲಿಸುತ್ತಾನೆ. ಪದ್ಯ ಅದೇ, ಫಲಿತಾಂಶ ಅದೇ, ವಾಲಿ ಸಾಯುವುದು ಖಂಡಿತ. ಆದರೂ ಇವತ್ತು ವಾಲಿ ಯಾರು, ರಾಮ ಯಾರು ಎಂದು ಕೇಳಿಕೊಂಡೇ ಜನ ಹೋಗುವುದು. ಒಬ್ಬ ವಾಲಿ ಎತ್ತದ ಪ್ರಶ್ನೆಯನ್ನು ಇನ್ನೊಬ್ಬ ವಾಲಿ ಎತ್ತುತ್ತಾನೆ. ಹೊಸ ಅರ್ಥಧಾರಿ ಹಳಬರ ಮಾತನ್ನೇ ಒಪ್ಪಿಸಿದರೆ ಸಭೆಗೆ ಗೊತ್ತಾಗಿಬಿಡುತ್ತದೆ.

1997ರದ್ದನ್ನು ನಾನು ಅಳೆಯುವುದು ಅದೇ ಅಳತೆಯಲ್ಲಿ. ಸ್ಕಾಟ್ ಹೊಸ ಪ್ರಶ್ನೆ ಎತ್ತಿದ. ಲೆಮನ್ ಅರ್ಧ ಎತ್ತಿದ. ಒಂಬತ್ತನೇ ಜ್ಯೂರರ್ ಆಗಿ 85 ದಾಟಿದ ಹ್ಯೂಮ್ ಕ್ರೋನಿನ್ ಕೂತಲ್ಲಿಂದ ಗೆದ್ದ. ಉಳಿದವರಲ್ಲಿ ಕೆಲವರು ಹಳೆಯ ಪಾಠ ಒಪ್ಪಿಸಿದರು. ಇನ್ನು ಆ ಹತ್ತನೆಯವನ ಬಗ್ಗೆ ನನ್ನ ತಕರಾರು ಉಂಟು. ಪಯಸ್ವಿನಿಯವರು ಮೊದಲು ಬರೆಯಲಿ.

ಪಯಸ್ವಿನಿ ಬದಿ:

ಮಾಷ್ಟ್ರೇ, ನೀವು ಕೇಳಿದ ಮೇಲೆ ಬರೆಯದೆ ಇರಲಿಕ್ಕಾಗುವುದಿಲ್ಲ.

1957ರಲ್ಲಿ ಹನ್ನೆರಡೂ ಜನ ಬಿಳಿಯರು. ಹತ್ತನೆಯವನು ‘ಅವರೆಲ್ಲ ಹಾಗೇ, ಹುಟ್ಟುಸುಳ್ಳರು, ಜೀವಕ್ಕೆ ಬೆಲೆ ಕೊಡದವರು’ ಎಂಬ ಧಾಟಿಯಲ್ಲಿ ಕಾರುತ್ತಾ ಹೋಗುತ್ತಾನೆ. ‘ಅವರು’ ಎಂದರೆ ಯಾರು ಎಂದು ಚಿತ್ರ ಹೇಳುವುದಿಲ್ಲ. ಒಬ್ಬೊಬ್ಬರಾಗಿ ಮೇಜಿನಿಂದ ಎದ್ದು ಅವನಿಗೆ ಬೆನ್ನು ಹಾಕುತ್ತಾರೆ. ಅದ್ಭುತ ದೃಶ್ಯ. ಆದರೆ ನೋಡುವ ನಾನು ಸುಲಭವಾಗಿ ಬೆನ್ನು ಹಾಕಿದವರ ಪೈಕಿ ಸೇರಿಬಿಡುತ್ತೇನೆ. ಅವನು ಕೆಟ್ಟವ, ನಾನು ಒಳ್ಳೆಯವ.

1997ರಲ್ಲಿ ನಾಲ್ವರು ಜ್ಯೂರರ್‌ಗಳು ಕಪ್ಪು ಅಮೆರಿಕನ್ನರು. ಹತ್ತನೆಯವನು ಅವರಲ್ಲಿ ಒಬ್ಬ, ನಟ ಮೈಕೆಲ್ಟಿ ವಿಲಿಯಮ್ಸನ್. ಅವನು ವಿಷ ಕಾರುವುದು ಲ್ಯಾಟಿನೋ ಜನರ ಮೇಲೆ. ತಾನು ತಿರಸ್ಕಾರ ಉಂಡವನು, ಅದರ ರುಚಿ ಗೊತ್ತಿರುವವನು, ಅದನ್ನೇ ಇನ್ನೊಬ್ಬರಿಗೆ ಬಡಿಸುತ್ತಾನೆ. ಇಲ್ಲಿ ನನಗೆ ಬೆನ್ನು ಹಾಕಿ ನಿಲ್ಲಲಿಕ್ಕೆ ಜಾಗ ಸಿಗಲಿಲ್ಲ.

ಯಾಕೆಂದರೆ ನಾವು ಯಾರು? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ನೆಲದಲ್ಲೇ ಭಾಷಾ ಅಲ್ಪಸಂಖ್ಯಾತರಾದವರು. ಅರ್ಜಿ ನಮೂನೆ ಕನ್ನಡದಲ್ಲಿ ಸಿಗುವುದಿಲ್ಲ, ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬರುವುದಿಲ್ಲ ಎಂದು ಎಷ್ಟು ಸಲ ಕೂತಿದ್ದೇವೆ, ನಿಂತಿದ್ದೇವೆ. ನ್ಯಾಯವಾದ ಬೇಡಿಕೆ, ನಾನೂ ಅದರಲ್ಲಿ ಇದ್ದೇನೆ. ಅದೇ ನಾವು ತೋಟದ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದವರ ಬಗ್ಗೆ ಮಾತಾಡುವುದನ್ನು ಕೇಳಿದ್ದೀರಾ? ಒಡಿಶಾದವನಿರಲಿ, ಬಿಹಾರದವನಿರಲಿ, ಅಸ್ಸಾಮಿನವನಿರಲಿ, ನಮಗೆ ಎಲ್ಲರೂ ‘ಬಂಗಾಳಿ’. ಊರಲ್ಲಿ ಒಂದು ಬೈಕು ಕಳವಾದರೆ ಮೊದಲು ಬಾಯಿಗೆ ಬರುವ ಹೆಸರು ಅವರದ್ದು. ‘ಅವರನ್ನು ನಂಬಲಿಕ್ಕಾಗದು, ಅವರೆಲ್ಲ ಹಾಗೇ.’ ಇದನ್ನು ಕನ್ನಡ ಹೋರಾಟದ ಪೆಂಡಾಲಿನ ಹಿಂದೆಯೇ, ಚಹಾ ಕುಡಿಯುತ್ತಾ ನಿಂತವರ ಬಾಯಿಂದ ಕೇಳಿದ್ದೇನೆ. ಇನ್ನು ಇಲ್ಲಿನ ಬುಡಕಟ್ಟಿನವರಾದ ಕೊರಗರ ವಿಷಯದಲ್ಲಿ ನಮ್ಮ ಹಿರಿಯರು ನಡೆದುಕೊಂಡ ರೀತಿಯನ್ನು ನಾನು ವಿವರಿಸಬೇಕಾಗಿಲ್ಲ.

ಆ ಕೋಣೆಯಲ್ಲಿ ನಮ್ಮಂಥವರು ಹನ್ನೆರಡು ಜನ ಕೂತು, ಕಟಕಟೆಯಲ್ಲಿ ಅಂಥ ಒಬ್ಬ ಹದಿನೆಂಟರ ಹುಡುಗ ಇದ್ದರೆ ಮೊದಲ ಮತ ಎಷ್ಟಕ್ಕೆ ಎಷ್ಟು ಬೀಳುತ್ತಿತ್ತು? ಈ ಪ್ರಶ್ನೆ ಹಳೆಯ ಚಿತ್ರ ನನ್ನನ್ನು ಕೇಳಲಿಲ್ಲ. ಹೊಸದು ಕೇಳಿತು.

ಉಪ್ಪಳದವ, ಈಗ ಶಾರ್ಜಾ:

ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ ಅಣ್ಣ. ಇಲ್ಲಿ ನಮ್ಮ ಕ್ಯಾಂಪಿನಲ್ಲಿ ನಾವೇ ಆ ‘ಅವರು’. ರೂಮಿನಲ್ಲಿ ಏನಾದರೂ ಕಾಣೆಯಾದರೆ ಒಬ್ಬರು ಇನ್ನೊಬ್ಬರ ದೇಶದ ಹೆಸರು ಹೇಳುತ್ತಾರೆ. ಹನ್ನೊಂದನೇ ಜ್ಯೂರರ್, ಆ ಗಡಿಯಾರ ರಿಪೇರಿಯವ, ಬೇರೆ ದೇಶದಿಂದ ಬಂದವ, ಅವನು ‘ಜವಾಬ್ದಾರಿ’ ಎಂದು ಮಾತಾಡುವಾಗ ನನಗೆ ಎದೆ ತುಂಬಿ ಬಂತು. ಬೇಸ್‌ಬಾಲ್ ಮ್ಯಾಚಿಗೆ ಹೊತ್ತಾಯಿತೆಂದು ಏಳನೆಯವನು ಮತ ಬದಲಿಸುತ್ತಾನಲ್ಲ, ಅವನನ್ನು ಹಿಡಿದು ಕೇಳುವವನು ಈ ಹೊರಗಿನವನೇ. ಅಲ್ಲಿ ಹುಟ್ಟಿದವರಿಗೆ ಇಲ್ಲದ ಕಾಳಜಿ ಅವನಿಗೆ. ಹಳೆಯದರಲ್ಲಿ ಆ ಪಾತ್ರ ಮಾಡಿದ ಜಾರ್ಜ್ ವೊಸ್ಕೊವೆಕ್ ನಿಜವಾಗಿಯೂ ಚೆಕೊಸ್ಲೊವಾಕಿಯಾದಿಂದ ಹೋದವರು. 1954ರ ನಾಟಕದಲ್ಲೂ ಆ ಪಾತ್ರ ಅವರದ್ದೇ.

ನೀರ್ಚಾಲಿನ ಮಾಷ್ಟ್ರು:

ಪಯಸ್ವಿನಿ, ನೀವು ಬರೆದ ‘ಬಂಗಾಳಿ’ ವಿಷಯ ನೂರಕ್ಕೆ ನೂರು ಸತ್ಯ. ಅದಕ್ಕೆ ನನ್ನ ಎದುರು ಮಾತಿಲ್ಲ. ನನ್ನ ತಕರಾರು ಚಿತ್ರದ ಆಯ್ಕೆಯ ಬಗ್ಗೆ.

ಅಮೆರಿಕದಲ್ಲಿ ಅಧಿಕಾರ ಯಾರ ಕೈಯಲ್ಲಿ ಉಂಟು? ಬಿಳಿಯರ ಕೈಯಲ್ಲಿ. ಆ ದೇಶದ ಪೂರ್ವಗ್ರಹದ ಕಥೆ ಹೇಳುವಾಗ ಅತಿ ಕೆಟ್ಟ ಮಾತುಗಳನ್ನು ಕಪ್ಪು ಮನುಷ್ಯನ ಬಾಯಿಗೆ ಇಟ್ಟರೆ ಬಿಳಿಯ ಪ್ರೇಕ್ಷಕ ಎಷ್ಟು ನಿರಾಳ! ‘ನೋಡಿ, ಅವರಲ್ಲೂ ಹೀಗೇ’ ಎಂದು ಹೇಳಿ ಎದ್ದು ಹೋಗಬಹುದು. 1957ರಲ್ಲಿ ಅವನಿಗೆ ಆ ಬಾಗಿಲು ಇರಲಿಲ್ಲ. ಎಡ್ ಬೆಗ್ಲಿ ಮಾಡಿದ ಹತ್ತನೆಯವನು ಅವನದೇ ಬೀದಿಯವ, ಅವನದೇ ಬಣ್ಣದವ. ನೀವು ಕಾಸರಗೋಡಿನ ಅಲ್ಪಸಂಖ್ಯಾತರಾಗಿ ನೋಡಿದ್ದರಿಂದ ಆ ದೃಶ್ಯ ನಿಮಗೆ ಕನ್ನಡಿಯಾಯಿತು. ಬಹುಸಂಖ್ಯಾತನಿಗೆ ಅದೇ ದೃಶ್ಯ ಮರೆ.

ಪೆರ್ಲದ ಹುಡುಗ:

ಮಾಷ್ಟ್ರೇ, ಆದರೆ ಹೊಸದರ ಹತ್ತನೆಯವನಿಗೆ ಎದುರಾಗಿ ಓಸೀ ಡೇವಿಸ್ ಇದ್ದಾರಲ್ಲ? ಅವರೂ ಕಪ್ಪು, ಎರಡನೇ ಜ್ಯೂರರ್, ಎಷ್ಟು ಘನವಂತ ಮನುಷ್ಯ. ಒಂದೇ ಸಮುದಾಯದಲ್ಲಿ ಎರಡೂ ತರದವರು ಉಂಟು ಎಂದು ಚಿತ್ರವೇ ತೋರಿಸುತ್ತದೆ. ಬಿಳಿಯ ಪ್ರೇಕ್ಷಕ ‘ಅವರೆಲ್ಲ ಹಾಗೇ’ ಎನ್ನಲಿಕ್ಕೆ ಹೊರಟರೆ ಅವನು ಹತ್ತನೆಯವನೇ ಆದ ಹಾಗಾಯಿತು.

ನೀರ್ಚಾಲಿನ ಮಾಷ್ಟ್ರು:

ಒಳ್ಳೆ ಎದುರು ಅರ್ಥ. ಆದರೂ ನಾನು ಸೋಲುವುದಿಲ್ಲ, ಸಭೆ ಇನ್ನೂ ಎದ್ದಿಲ್ಲ.

ಹೊಸಂಗಡಿಯ ವಕೀಲ:

ಎರಡು ದಿನದಿಂದ ಓದುತ್ತಾ ಇದ್ದೇನೆ, ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಮೊದಲನೆಯದು, ಎಲ್ಲರೂ ಚಪ್ಪಾಳೆ ತಟ್ಟಿದ ಚೂರಿಯ ದೃಶ್ಯ. ಆ ಚೂರಿಯಂಥದ್ದು ಇನ್ನೊಂದು ಇಲ್ಲ ಎಂದು ಪ್ರಾಸಿಕ್ಯೂಷನ್ ವಾದ. ಎಂಟನೆಯವನು ಅಂಥದ್ದೇ ಚೂರಿಯನ್ನು ಕಿಸೆಯಿಂದ ತೆಗೆದು ಮೇಜಿಗೆ ಚುಚ್ಚುತ್ತಾನೆ. ಹುಡುಗನ ಮನೆಯಿಂದ ಎರಡು ಬೀದಿ ಆಚೆ, ಆರು ಡಾಲರಿಗೆ ಕೊಂಡದ್ದು. ಸಿನಿಮಾವಾಗಿ ಮೈ ಜುಂ ಎನ್ನುತ್ತದೆ. ನಿಜವಾದ ಕೋರ್ಟಿನಲ್ಲಿ ಅದು ಜ್ಯೂರರ್‌ನ ದುರ್ನಡತೆ. ಸಾಕ್ಷ್ಯ ಬರಬೇಕಾದದ್ದು ನ್ಯಾಯಾಲಯದಲ್ಲಿ, ಎರಡೂ ಕಡೆಯವರಿಗೆ ಪಾಟೀಸವಾಲಿಗೆ ಅವಕಾಶ ಇರುವಲ್ಲಿ. ಜ್ಯೂರರ್ ತಾನೇ ತನಿಖೆ ಮಾಡಿ ತಂದದ್ದು ಗೊತ್ತಾದರೆ ಇಡೀ ವಿಚಾರಣೆಯೇ ರದ್ದಾಗಬಹುದು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ 2010ರಲ್ಲಿ ಈ ಚಿತ್ರದ ಪ್ರದರ್ಶನದ ನಂತರ ಮಾತಾಡುತ್ತಾ, ತಾನು ಕಾನೂನು ಕ್ಷೇತ್ರಕ್ಕೆ ಬರಲು ಈ ಚಿತ್ರವೂ ಪ್ರೇರಣೆ ಎಂದರು. ಅದೇ ಬಾಯಲ್ಲಿ, ಕೆಳಗಿನ ಕೋರ್ಟಿನಲ್ಲಿದ್ದಾಗ ಜ್ಯೂರಿಗಳಿಗೆ ಈ ಚಿತ್ರದಂತೆ ನಡೆಯಬೇಡಿ ಎಂದು ಹೇಳುತ್ತಿದ್ದುದನ್ನೂ ತಿಳಿಸಿದರು. 1997ರಲ್ಲಿ ಹೊಸದಾಗಿ ಮಾಡುವಾಗ ಇದನ್ನು ಸರಿಪಡಿಸುವ ಅವಕಾಶ ಇತ್ತು. ಮಾಡಲಿಲ್ಲ. ಅದು ನನ್ನ ದೂರು.

ಎರಡನೆಯದು, ನಮ್ಮ ದೇಶ. ನಮ್ಮಲ್ಲೂ ಜ್ಯೂರಿ ಇತ್ತು. ನಾನಾವತಿ ಪ್ರಕರಣ ಎಲ್ಲರೂ ಕೇಳಿದ್ದೀರಿ. 1959ರಲ್ಲಿ ಬೊಂಬಾಯಿಯಲ್ಲಿ ನೌಕಾಪಡೆಯ ಅಧಿಕಾರಿ ಕಾವಸ್ ನಾನಾವತಿ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದದ್ದು. ಜ್ಯೂರಿ 8–1ರಲ್ಲಿ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ಕೊನೆಯ ಜ್ಯೂರಿ ವಿಚಾರಣೆ ಎಂದು ಹೇಳುವವರಿದ್ದಾರೆ. ಹಾಗಲ್ಲ, ಆಮೇಲೂ ಕೆಲವು ಕಡೆ ನಡೆದಿವೆ. ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ, ಅಂದರೆ 1958ರಲ್ಲೇ, ಜ್ಯೂರಿ ಬೇಡ ಎಂದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ.

ಆ 8–1ನ್ನು ಗಮನಿಸಿ. ಅಲ್ಲಿಯೂ ಒಬ್ಬ ಒಂಟಿಯಾಗಿ ನಿಂತಿದ್ದ. ಅವನ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ, ಅವನ ವಾದ ಏನಿತ್ತೆಂದೂ ಗೊತ್ತಿಲ್ಲ. ನಮ್ಮ ಪದ್ಧತಿಯಲ್ಲಿ ಬಹುಮತ ಸಾಕಿತ್ತು. ಎಂಟು ಜನ ಕೈ ಎತ್ತಿದರೆ ಒಂಬತ್ತನೆಯವನ ಮಾತು ಕೇಳಬೇಕೆಂದಿರಲಿಲ್ಲ. ಈ ಸಿನಿಮಾದ ಜೀವ ಇರುವುದು ಒಮ್ಮತ ಬೇಕು ಎಂಬ ನಿಯಮದಲ್ಲಿ. ಒಬ್ಬನನ್ನು ದಾಟಿ ಹೋಗಲಿಕ್ಕಾಗುವುದಿಲ್ಲ, ಆದ್ದರಿಂದಲೇ ಅವನ ಜೊತೆ ಮಾತಾಡಬೇಕಾಗುತ್ತದೆ. 1986ರಲ್ಲಿ ಬಾಸು ಚಟರ್ಜಿ ಇದನ್ನೇ ಹಿಂದಿಯಲ್ಲಿ ‘ಏಕ್ ರುಕಾ ಹುಆ ಫೈಸ್ಲಾ’ ಎಂದು ಮಾಡಿದಾಗ ದೇಶದ ಕ್ರಿಮಿನಲ್ ವಿಚಾರಣೆಗಳಲ್ಲಿ ಜ್ಯೂರಿ ಇರಲಿಲ್ಲ. ಆದರೂ ಪಂಕಜ್ ಕಪೂರ್ ಮೂರನೆಯವನಾಗಿ ಮಾಡಿದ್ದನ್ನು ನೋಡಿದರೆ ಕಾನೂನು ಮರೆತೇ ಹೋಗುತ್ತದೆ.

ಮೂರನೆಯದು ನನ್ನ ವೃತ್ತಿಯದ್ದು. ಇದು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣದಲ್ಲಿ ಹೇಳುತ್ತೇವೆ. ಕಟಕಟೆಯಲ್ಲಿ ನಿಂತ ಅಜ್ಜಿಗೆ ಅದು ಭಾಷಣ ಅಲ್ಲ. ಅವರು ತುಳುವಿನಲ್ಲಿ ಹೇಳುತ್ತಾರೆ, ಇಲ್ಲವೇ ಬ್ಯಾರಿಯಲ್ಲಿ, ಇಲ್ಲವೇ ಮನೆಮಾತಿನ ಕನ್ನಡದಲ್ಲಿ. ದಾಖಲಾಗುವುದು ಬೇರೆ ಭಾಷೆಯಲ್ಲಿ. ಸಾಕ್ಷಿ ಹೇಳಿದ ಭಾಷೆಯಲ್ಲೇ ಆದಷ್ಟು ಬರೆದುಕೊಳ್ಳಬೇಕು, ಆಗದಿದ್ದರೆ ಭಾಷಾಂತರ ಸಿದ್ಧಪಡಿಸಬೇಕು ಎಂದು ಹಳೆಯ ಸಂಹಿತೆಯ 277ನೇ ಕಲಮು. ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ಬಂದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು 279. ಈಗ 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲೂ ಇದೇ ತತ್ತ್ವ ಉಳಿದಿದೆ. ಆದರೆ ಅಜ್ಜಿ ತಡೆದು ತಡೆದು, ‘ಹಾಗೆ ಕಂಡ ಹಾಗಾಯಿತು’ ಎಂದದ್ದು ಕಾಗದದಲ್ಲಿ ‘ಕಂಡೆನು’ ಎಂದಾಗಿ ಬಿಟ್ಟರೆ ಮೇಲಿನ ಕೋರ್ಟಿಗೆ ಹೋಗುವುದು ಆ ‘ಕಂಡೆನು’ ಮಾತ್ರ. ಆ ತಡೆತವೇ ಸಂಶಯದ ಲಾಭ. ಚಿತ್ರದಲ್ಲಿ ಹನ್ನೆರಡು ಜನ ಸಾಕ್ಷಿಗಳ ಮುಖ ಕಂಡಿದ್ದರು, ದನಿ ಕೇಳಿದ್ದರು. ಆದ್ದರಿಂದಲೇ ಮುದುಕನ ಕಾಲೆಳೆತ ಒಬ್ಬರಿಗೆ, ಹೆಂಗಸಿನ ಮೂಗಿನ ಮೇಲಿನ ಗುರುತು ಇನ್ನೊಬ್ಬರಿಗೆ ನೆನಪಾಯಿತು. ನಮ್ಮಲ್ಲಿ ಅಪೀಲು ಕೇಳುವವರ ಎದುರು ಇರುವುದು ಕಾಗದ.

ಕುಂಬಳೆ ಹಳಿ ಪಕ್ಕ:

ವಕೀಲರೇ, ಮುದುಕನ ಕಾಲೆಳೆತ ಎಂದಿರಲ್ಲ, ಆ ನಡೆದು ತೋರಿಸುವ ಭಾಗವನ್ನೂ ಹೇಳಬೇಕಿತ್ತು. ಮಂಚದಿಂದ ಕೋಣೆ ಬಾಗಿಲಿಗೆ 12 ಅಡಿ, ಹೊರಗಿನ ಓಣಿ 43 ಅಡಿ. ಹದಿನೈದು ಸೆಕೆಂಡಿನಲ್ಲಿ ಬಂದು ಬಾಗಿಲು ತೆಗೆದೆ ಎಂದಿದ್ದ. ಎಂಟನೆಯವನು ಅವನ ಹಾಗೇ ಕುಂಟುತ್ತಾ ನಡೆಯುತ್ತಾನೆ, ಎರಡನೆಯವನು ವಾಚು ಹಿಡಿಯುತ್ತಾನೆ. 41 ಸೆಕೆಂಡು! ನಮ್ಮ ಹಾಲಿನಲ್ಲಿ ಹಿಂದಿನ ಸಾಲಿನವರು ಬಾಯಿಬಿಟ್ಟು ಎಣಿಸುತ್ತಿದ್ದರು.

ಬೇಳದ ಟೀಚರ್:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನಗೆ ಒಂದೇ ವಿಷಯ ಹೇಳಲಿಕ್ಕಿರುವುದು, ಆದರೆ ಅದನ್ನು ಪೂರ್ತಿ ಹೇಳುತ್ತೇನೆ.

1997ರ ಚಿತ್ರದಲ್ಲಿ ನ್ಯಾಯಾಧೀಶರು ಮಹಿಳೆ, ನಟಿ ಮೇರಿ ಮ್ಯಾಕ್‌ಡಾನೆಲ್. ಸಂತೋಷ. ಅವರು ಸೂಚನೆ ಕೊಟ್ಟು ಜ್ಯೂರಿಯನ್ನು ಒಳಗೆ ಕಳಿಸುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ಒಳಗೆ ಹೋದವರು ಹನ್ನೆರಡೂ ಗಂಡಸರು. ಮಹಿಳೆಯರನ್ನು ಜ್ಯೂರಿಯಿಂದ ವ್ಯವಸ್ಥಿತವಾಗಿ ಹೊರಗಿಡುವುದು ಸಂವಿಧಾನ ವಿರೋಧಿ ಎಂದು ಅಮೆರಿಕದ ಸುಪ್ರೀಂ ಕೋರ್ಟು 1975ರಲ್ಲೇ, ಟೇಲರ್ ವಿರುದ್ಧ ಲೂಸಿಯಾನಾ ಪ್ರಕರಣದಲ್ಲಿ ಹೇಳಿತ್ತು. ಅದಾಗಿ 22 ವರ್ಷದ ಮೇಲೆ ಮಾಡಿದ ಚಿತ್ರ ಇದು. ಬಣ್ಣದ ವಿಷಯದಲ್ಲಿ ಕೋಣೆಯ ಬಾಗಿಲು ತೆರೆದವರಿಗೆ ಇದು ಕಾಣಲಿಲ್ಲವೇ? ಹೆಸರಿನಲ್ಲಿ ‘ಮೆನ್’ ಉಂಟು ಎನ್ನುವುದು ಉತ್ತರ ಅಲ್ಲ. ಹೆಸರು ಬದಲಿಸಿ ಹೆಂಗಸರೂ ಕೂತು ಆಡಿದ ರಂಗಪ್ರದರ್ಶನಗಳು ಎಷ್ಟೋ ಆಗಿವೆ.

ಇದು ಲೆಕ್ಕ ತುಂಬಿಸುವ ಮಾತಲ್ಲ. ಕನ್ನಡಕದ ದೃಶ್ಯವನ್ನು ನೆನಪಿಸಿಕೊಳ್ಳಿ. ಕೊಲೆ ಕಂಡೆ ಎಂದ ಹೆಂಗಸಿನ ಮೂಗಿನ ಎರಡು ಬದಿಯಲ್ಲಿ ಗುರುತು ಇತ್ತು, ಕನ್ನಡಕ ಹಾಕುವವರಿಗೆ ಇರುವಂಥದ್ದು. ಕೋರ್ಟಿಗೆ ಆಕೆ ಕನ್ನಡಕ ಹಾಕಿ ಬಂದಿರಲಿಲ್ಲ. ಹಳೆಯದರಲ್ಲಿ ಮುದುಕ ಜ್ಯೂರರ್ ಹೇಳುತ್ತಾನೆ, ಆಕೆಗೆ 45 ಇರಬಹುದು, ಎಲ್ಲರೆದುರು 35ರ ಹಾಗೆ ಕಾಣಲು ಪ್ರಯತ್ನಿಸುತ್ತಿದ್ದಳು ಎಂದು. ಹಲವರು ತಲೆಯಾಡಿಸುತ್ತಾರೆ. ಹಾಗಾದರೆ ಮಲಗಿದ್ದಾಗ ಕನ್ನಡಕ ಇರಲಿಲ್ಲ, ಅರವತ್ತು ಅಡಿ ದೂರದ್ದು ಸರಿ ಕಾಣಲಿಲ್ಲ, ಸಂಶಯ ಬಂತು. ಹೊಸದರಲ್ಲೂ ಕನ್ನಡಕದ ವಾದ ಉಂಟು.

ಸಂಶಯ ಸರಿಯೇ. ಹುಡುಗ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಹೆಂಗಸು ಕೋರ್ಟಿಗೆ ಕನ್ನಡಕ ಇಲ್ಲದೆ ಬಂದರೆ ಅದಕ್ಕೆ ಶೋಕಿ ಒಂದೇ ಕಾರಣವೇ? ಒಡೆದುಹೋಗಿರಬಹುದು. ‘ಕನ್ನಡಕದವಳು, ಕಣ್ಣು ಕಾಣದವಳು ಎಂದು ವಕೀಲರು ಆಟ ಆಡಿಸಿಯಾರು, ತೆಗೆದಿಟ್ಟು ಹೋಗು’ ಎಂದು ಯಾರಾದರೂ ಹೇಳಿಕೊಟ್ಟಿರಬಹುದು. ಓದುವಾಗ ಮಾತ್ರ ಹಾಕುವ ಕನ್ನಡಕವೂ ಆಗಿರಬಹುದು. ಆಗ ದೂರದ್ದು ಚೆನ್ನಾಗಿಯೇ ಕಂಡಿರುತ್ತದೆ! ನಾನು 17 ವರ್ಷದಿಂದ ಕನ್ನಡಕ ಹಾಕುತ್ತಿದ್ದೇನೆ, ಮೂಗಿನಲ್ಲಿ ಗುರುತು ಉಂಟು, ಫೋಟೋಕ್ಕೆ ನಿಲ್ಲುವಾಗ ತೆಗೆಯುತ್ತೇನೆ. ಚಂದ ಕಾಣಲಿಕ್ಕಲ್ಲ, ಗಾಜಿನಲ್ಲಿ ಫ್ಲ್ಯಾಶ್ ಬೀಳುತ್ತದೆ ಎಂದು ಸ್ಟುಡಿಯೋದವರೇ ಹೇಳಿದ್ದು. ಕನ್ನಡಕ ತೆಗೆದಿಡಲು ಶೋಕಿ ಅಲ್ಲದೆ ಬೇರೆ ಕಾರಣ ಇರಬಹುದು ಎಂದು ಹೇಳುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಎಂಟನೆಯವನು ಪ್ರತಿಯೊಂದನ್ನೂ ಪ್ರಶ್ನಿಸಿದ. ಆಕೆ ಯಾಕೆ ಕನ್ನಡಕ ಹಾಕಲಿಲ್ಲ ಎಂಬ ಊಹೆಯನ್ನು ಮಾತ್ರ ಪ್ರಶ್ನಿಸಲೇ ಇಲ್ಲ.

ಪಯಸ್ವಿನಿಯವರು ಕೇಳಿದ್ದು ಕೋಣೆಯಲ್ಲಿ ಯಾರು ಕೂತಿದ್ದಾರೆ ಎಂದು. ಆ ಪ್ರಶ್ನೆಯನ್ನು 1997ರ ಚಿತ್ರ ಅರ್ಧಕ್ಕೆ ನಿಲ್ಲಿಸಿತು ಎಂಬುದು ನನ್ನ ಅಭಿಪ್ರಾಯ.

ಹೊಸಂಗಡಿಯ ವಕೀಲ:

ಟೀಚರ್, ಇಷ್ಟು ವರ್ಷದಲ್ಲಿ ಈ ಚಿತ್ರದ ಮೇಲೆ ನಾನು ಕೇಳಿದ ಅತ್ಯುತ್ತಮ ಪಾಟೀಸವಾಲು ಇದು.  ಕಿರಿಯ ವಕೀಲರಿಗೆ ನಾಳೆಯೇ ಓದಿಸುತ್ತೇನೆ.

ಪೆರ್ಲದ ಹುಡುಗ:

ಹಾಗಾದರೆ ಸಂಶಯವೇ ಬಿದ್ದು ಹೋಯಿತಲ್ಲ? ಹುಡುಗನ ಗತಿ?

ಬೇಳದ ಟೀಚರ್:

ಬಿದ್ದು ಹೋಗುವುದಿಲ್ಲ. ನೋಡಿದಳೋ ಇಲ್ಲವೋ ನಮಗೆ ಖಚಿತವಾಗಿ ತಿಳಿಯದು ಎಂದಾದರೆ ಅಷ್ಟೇ ಸಾಕು, ಅದೇ ಹುಡುಗನಿಗೆ ಲಾಭ. ಆಕೆಯನ್ನು ಶೋಕಿಯವಳು ಎಂದು ಮಾಡದೆಯೂ ಹುಡುಗನನ್ನು ಉಳಿಸಬಹುದಿತ್ತು.

ಉಪ್ಪಳದವ, ಈಗ ಶಾರ್ಜಾ:

ಟೀಚರಕ್ಕ, ಇದನ್ನು ನಮ್ಮ ರೂಮಿನವರಿಗೆಲ್ಲ ಓದಿ ಹೇಳಿದೆ. ಮುಂದಿನ ಸಲ ತೋರಿಸುವಾಗ ವಿಡಿಯೋ ಕಾಲಿನಲ್ಲಿ ಚರ್ಚೆಗೆ ನಮ್ಮನ್ನೂ ಸೇರಿಸಿ.

ಪಯಸ್ವಿನಿ ಬದಿ:

ಮುಂದಿನದ್ದು ‘ಏಕ್ ರುಕಾ ಹುಆ ಫೈಸ್ಲಾ’ ಎಂದು ಯೋಚಿಸಿದ್ದೆವು. ಈಗ ಬೇರೆ ಆಸೆ ಹುಟ್ಟಿದೆ. ಸಿನಿಮಾ ಆಮೇಲೆ ತೋರಿಸುವಾ. ಮೊದಲು ನಾವೇ ಹನ್ನೆರಡು ಜನ ಮೇಜಿನ ಸುತ್ತ ಕೂತು ಕನ್ನಡದಲ್ಲಿ ಇಂಥದ್ದೇ ಒಂದು ವಾದ ಮಾಡಿದರೆ ಹೇಗೆ? ಕಥೆ ನಮ್ಮದೇ ಇರಲಿ. ಹಳಿ ಪಕ್ಕದ ಲೈನ್ ಮನೆ, ಹೊರ ರಾಜ್ಯದಿಂದ ಕೆಲಸಕ್ಕೆ ಬಂದ ಹುಡುಗ ಆರೋಪಿ. ಆರು ಮಂದಿ ಹೆಂಗಸರು, ಆರು ಮಂದಿ ಗಂಡಸರು. ಬರೆದದ್ದು ಏನೂ ಬೇಡ, ಸಾಕ್ಷಿಗಳ ಹೇಳಿಕೆ ಮಾತ್ರ ವಕೀಲರು ತಯಾರು ಮಾಡಿ ಕೊಡಲಿ. ಉಳಿದದ್ದು ಆಶುವಾಗಿ.

ಹೊಸಂಗಡಿಯ ವಕೀಲ:

ಹೇಳಿಕೆ ನಾನು ಬರೆಯುತ್ತೇನೆ. ಎರಡು ತುಳುವಿನಲ್ಲಿ, ಒಂದು ಮಲಯಾಳದಲ್ಲಿ, ಒಂದು ಹಿಂದಿಯಲ್ಲಿ. ಭಾಷಾಂತರ ಕೊಡುವುದಿಲ್ಲ, ನೀವೇ ನೋಡಿಕೊಳ್ಳಿ.

ಕುಂಬಳೆ ಹಳಿ ಪಕ್ಕ:

ನಮ್ಮ ಮನೆಯ ಚಾವಡಿಯಲ್ಲೇ ಮಾಡುವಾ. ರೈಲು ಖರ್ಚಿಲ್ಲದೆ ಬರುತ್ತದೆ. ಮಧ್ಯಾಹ್ನದ ಊಟ ನಮ್ಮದು.

ನೀರ್ಚಾಲಿನ ಮಾಷ್ಟ್ರು:

ಮೂರನೆಯವನ ಅರ್ಥ ನನಗೆ ಬಿಡಿ, ಪಟ್ಟು ಹಿಡಿದು ಕೂರುವ ಅಭ್ಯಾಸ ಉಂಟು. ಎಂಟನೆಯದು ಟೀಚರ್ ಹೇಳಲಿ. ಹತ್ತನೆಯದಕ್ಕೆ ಯಾರಾದರೂ ಸುಲಭಕ್ಕೆ ಒಪ್ಪಲಿಕ್ಕಿಲ್ಲ. ಅದನ್ನು ಯಾರಿಗೆ ಕೊಡುವುದೆಂದು ಪಯಸ್ವಿನಿಯವರು ಈಗಲೇ ತೀರ್ಮಾನಿಸಬೇಕು.

ಪಯಸ್ವಿನಿ ಬದಿ:

ಹತ್ತನೆಯದು ನಾನೇ ಹೇಳುತ್ತೇನೆ ಮಾಷ್ಟ್ರೇ. ಪೆಂಡಾಲಿನ ಹಿಂದೆ ಕೇಳಿದ ಒಂದೊಂದು ಮಾತೂ ನೆನಪಿದೆ.